ಕೂಗಿದರೆ ತಿರುಗಿ ನೋಡುವಂತಿರಬೇಕು: ವಿಮಾನ ಘರ್ಷಣೆಯ ಮುನ್ನೆಚ್ಚರಿಕೆ ವ್ಯವಸ್ಥೆ ಕಟ್ಟುವ ಬಗೆ

ರಾತ್ರಿ ಪಾಳಿ, ಎರಡು ಗಂಟೆ ಮೀರಿತ್ತು. ಪರದೆಯ ಮೇಲೆ ಎರಡು ವಿಮಾನಗಳ ಗುರುತು ಕೆಂಪಾಯಿತು, ಘರ್ಷಣೆಯ ಎಚ್ಚರಿಕೆಯ ಸದ್ದು ಬಂತು. ಅವು ಯಾವ ವಿಮಾನಗಳು ಎಂದು ಓದುವ ಮೊದಲೇ ನನ್ನ ಬೆರಳು ಸದ್ದನ್ನು ನಿಲ್ಲಿಸಿಬಿಟ್ಟಿತ್ತು. ಆ ಎಚ್ಚರಿಕೆ ಹುಸಿಯೇ ಆಗಿತ್ತು. ಆದರೆ ಹುಸಿ ಎಂದು ನನಗೆ ತಿಳಿದದ್ದು ನಿಲ್ಲಿಸಿದ ಮೇಲೆ. ಪಾಳಿ ಮುಗಿಸಿ ಮಲಗಿದಾಗಲೂ ಆ ಬೆರಳಿನದೇ ಯೋಚನೆ.

ಹದಿನಾಲ್ಕು ವರ್ಷ ವಾಯು ಸಂಚಾರ ನಿಯಂತ್ರಕರ ಕುರ್ಚಿಯಲ್ಲಿ ಕುಳಿತಿದ್ದ ನಾನು ಪರದೆಯ ಹಿಂದಿನ ತಂತ್ರಾಂಶ ಬರೆಯುವ ತಂಡಕ್ಕೆ ಸೇರಿದ್ದು ಆ ರಾತ್ರಿಯ ದೆಸೆಯಿಂದ. ಗಣಿತ ಸರಿಯಾಗಿದ್ದ ವ್ಯವಸ್ಥೆಗಳೂ ನಿಯಂತ್ರಣ ಕೊಠಡಿಯಲ್ಲಿ ಸೋತದ್ದನ್ನು ಕಂಡಿದ್ದೇನೆ. ಬೇಡದ ಹೊತ್ತಿನಲ್ಲಿ ಕೂಗಿ ಕೂಗಿ ಅವು ತಮ್ಮ ಮಾತಿನ ಬೆಲೆ ಕಳೆದುಕೊಂಡಿದ್ದವು. ಎರಡು ವಿಮಾನಗಳು ಅಪಾಯಕರವಾಗಿ ಹತ್ತಿರ ಬರಲಿವೆ ಎಂದು ನಿಯಂತ್ರಕರಿಗೆ ಒಂದೆರಡು ನಿಮಿಷ ಮುಂಚೆ ತಿಳಿಸುವ ವ್ಯವಸ್ಥೆಯನ್ನು ಕಟ್ಟಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ವಿದ್ಯಾರ್ಥಿಯಾಗಿ ಮಾದರಿ ಮಾಡುತ್ತಿರಬಹುದು, ದೊಡ್ಡ ತಂಡದಲ್ಲಿ ಒಂದು ಭಾಗ ಬರೆಯುತ್ತಿರಬಹುದು. ಕ್ರಮ ಎರಡಕ್ಕೂ ಒಂದೇ.

ಮೊದಲು ಕೊಠಡಿಯಲ್ಲಿ ಕುಳಿತುಕೊಳ್ಳಿ

ಒಂದು ಸಾಲು ಕೋಡ್ ಬರೆಯುವ ಮುನ್ನ ಅನುಮತಿ ಪಡೆದು ನಿಯಂತ್ರಕರ ಬೆನ್ನ ಹಿಂದೆ ಕೆಲವು ಪೂರ್ತಿ ಪಾಳಿಗಳನ್ನು ಕಳೆಯಿರಿ. ದಟ್ಟಣೆಯ ಹೊತ್ತು ಒಂದು, ನಸುಕಿನ ಮೂರು ಗಂಟೆಯ ನಿಶ್ಶಬ್ದ ಒಂದು, ಗುಡುಗು ಮೋಡಗಳಿಂದಾಗಿ ಎಲ್ಲರೂ ದಾರಿ ಬದಲಿಸಿಕೊಡಿ ಎಂದು ಕೇಳುವ ಮಧ್ಯಾಹ್ನ ಒಂದು. ನೋಟ್‌ಬುಕ್‌ನಲ್ಲಿ ನಾಲ್ಕು ಕಲಂ ಎಳೆಯಿರಿ: ಸಮಯ, ಏನು ಸದ್ದಾಯಿತು, ಆ ಕ್ಷಣ ನಿಯಂತ್ರಕರು ಏನು ಮಾಡುತ್ತಿದ್ದರು, ಆಮೇಲೆ ಏನು ಮಾಡಿದರು. ನಿಮಗೇನು ಬೇಕು ಎಂದು ಅವರನ್ನು ಕೇಳಲು ಹೋಗಬೇಡಿ. ಕೈ ನೋಡಿ. ಪ್ರತಿ ವಿಮಾನದ ವಿವರ ಬರೆದಿಡುವ ಕಾಗದದ ಪಟ್ಟಿಗಳನ್ನು ಇನ್ನೂ ಬಳಸುವ ಕಡೆ, ಬಾಕಿ ಉಳಿದ ಕೆಲಸವಿರುವ ವಿಮಾನದ ಪಟ್ಟಿಯನ್ನು ಅವರು ಸ್ವಲ್ಪ ಓರೆಯಾಗಿ ಹೊರಗೆ ಎಳೆದಿಡುತ್ತಾರೆ. ಅದನ್ನು ಯಾವ ವಿನ್ಯಾಸಕಾರರೂ ಕಲಿಸಿದ್ದಲ್ಲ. ಪಟ್ಟಿಗಳನ್ನು ಪರದೆಗೆ ತರುವ ಭರದಲ್ಲಿ ಆ ಓರೆಯನ್ನು ಕೈಬಿಟ್ಟರೆ ಒಬ್ಬರ ನೆನಪಿನ ಗಂಟನ್ನೇ ಬಿಚ್ಚಿದಂತೆ.

ನನ್ನ ನೋಟ್‌ಬುಕ್‌ನ ಒಂದು ಪುಟದಲ್ಲಿ, ಒಂದೇ ಪಾಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಎಚ್ಚರಿಕೆಗಳಿವೆ. ನಾಲ್ಕನೆಯ ಕಲಂನಲ್ಲಿ ಒಂದನ್ನು ಬಿಟ್ಟರೆ ಉಳಿದೆಲ್ಲಕ್ಕೂ ನಾನು ಬರೆದಿರುವುದು ‘ಏನೂ ಇಲ್ಲ’ ಎಂದು. ಯೋಜನೆಯ ಗುರಿ ಏನು ಎಂದು ಯಾರಾದರೂ ಕೇಳಿದಾಗ ಆ ಪುಟವನ್ನೇ ತೆರೆದು ತೋರಿಸುತ್ತಿದ್ದೆ.

ಎಷ್ಟು ಸೆಕೆಂಡು ಮುಂಚೆ?

ಇದು ವ್ಯವಸ್ಥೆಯ ಬೆನ್ನೆಲುಬು. ರೇಡಾರ್ ವ್ಯಾಪ್ತಿಯ ಮಾರ್ಗಮಧ್ಯದಲ್ಲಿ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ 5 ನಾಟಿಕಲ್ ಮೈಲಿ ಅಡ್ಡ ಅಂತರ ಅಥವಾ 1,000 ಅಡಿ ಎತ್ತರದ ಅಂತರ ಇರಬೇಕು. ವಿಮಾನ ನಿಲ್ದಾಣದ ಸುತ್ತ ಅಡ್ಡ ಅಂತರ 3 ಮೈಲಿಗೆ ಇಳಿಯಬಹುದು. ಗಂಟೆಗೆ 480 ನಾಟಿಕಲ್ ಮೈಲಿ ವೇಗದ ಎರಡು ವಿಮಾನಗಳು ಎದುರುಬದುರಾದರೆ ನಿಮಿಷಕ್ಕೆ 16 ಮೈಲಿಯಂತೆ ಹತ್ತಿರವಾಗುತ್ತವೆ. ಆ 5 ಮೈಲಿ ಕರಗಲು 19 ಸೆಕೆಂಡು ಸಾಕು.

ಈಗ ಘರ್ಷಣೆಯ ಕ್ಷಣದಿಂದ ಹಿಂದಕ್ಕೆ ಎಣಿಸೋಣ. ವಿಮಾನದೊಳಗೇ ಟಿಕ್ಯಾಸ್ ಎಂಬ ಘರ್ಷಣೆ ತಡೆಯುವ ಉಪಕರಣವಿದೆ. ಹೆಚ್ಚು ಎತ್ತರದಲ್ಲಿ ಅದು ಘರ್ಷಣೆಗೆ ಸುಮಾರು 48 ಸೆಕೆಂಡು ಮುಂಚೆ ಪೈಲಟ್‌ಗೆ ಸೂಚನೆ ಕೊಡುತ್ತದೆ, ಸುಮಾರು 35 ಸೆಕೆಂಡು ಮುಂಚೆ ‘ಏರು’ ಅಥವಾ ‘ಇಳಿ’ ಎಂದು ಆಜ್ಞಾಪಿಸುತ್ತದೆ. ಆ ಆಜ್ಞೆ ಬಂದಿದೆ ಎಂದು ಪೈಲಟ್ ತಿಳಿಸಿದ ಮೇಲೆ ನಿಯಂತ್ರಕರು ಆ ವಿಮಾನದ ದಾರಿ ಬದಲಿಸಲು ಹೋಗಕೂಡದು. ಆದ್ದರಿಂದ ನಿಮ್ಮ ಎಚ್ಚರಿಕೆ ಫಲ ಕೊಡಬೇಕಾದದ್ದು ಆ 35 ಸೆಕೆಂಡಿಗೆ ಮೊದಲು. ಸದ್ದು ಕೇಳಿ ಕಣ್ಣು ಹೊರಳಲು ಐದು ಸೆಕೆಂಡು, ಯಾರನ್ನು ಯಾವ ಕಡೆ ತಿರುಗಿಸಬೇಕೆಂದು ತೀರ್ಮಾನಿಸಲು ಹತ್ತು, ಹೇಳಲು ಐದು, ಪೈಲಟ್ ಮರುನುಡಿದು ಕೈ ಹಾಕಲು ಇನ್ನೊಂದು ಹತ್ತು. ಇವು ಸಿಮ್ಯುಲೇಟರ್‌ನಲ್ಲಿ ಗಡಿಯಾರ ಹಿಡಿದು ನಾನು ಇಟ್ಟುಕೊಂಡ ಅಂದಾಜುಗಳು. ನೀವು ನಿಮ್ಮವರ ಜೊತೆ ಅಳೆದುಕೊಳ್ಳಿ. ದೂರವ್ಯಾಪ್ತಿಯ ರೇಡಾರ್ ಒಂದು ಸುತ್ತು ಸುತ್ತಲು 10ರಿಂದ 12 ಸೆಕೆಂಡು ತೆಗೆದುಕೊಳ್ಳುವುದರಿಂದ ಒಂದೆರಡು ಸುತ್ತಿನ ವಿಳಂಬವನ್ನೂ ಕೂಡಿಸಿ. ಒಟ್ಟು ತೊಂಬತ್ತು ಸೆಕೆಂಡು ಸುಲಭವಾಗಿ ಆಗುತ್ತದೆ. ಈ ಬಗೆಯ ವ್ಯವಸ್ಥೆಗಳು ಸಾಮಾನ್ಯವಾಗಿ ಎರಡು ನಿಮಿಷ ಮುಂದಕ್ಕೆ ನೋಡುವುದು ಇದಕ್ಕೇ.

2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್‌ಲಿಂಗೆನ್ ಮೇಲೆ ಒಂದು ಟುಪೊಲೆವ್ 154 ಮತ್ತು ಒಂದು ಬೋಯಿಂಗ್ 757 ಡಿಕ್ಕಿಯಾಗಿ 71 ಜನ ತೀರಿಕೊಂಡರು. ನಿಯಂತ್ರಕರು ಅಪಾಯ ಗಮನಿಸಿ ಟುಪೊಲೆವ್‌ಗೆ ಇಳಿಯಲು ಹೇಳಿದಾಗ ಉಳಿದಿದ್ದದ್ದು 43 ಸೆಕೆಂಡು. ಏಳು ಸೆಕೆಂಡು ಕಳೆದ ಮೇಲೆ ಟಿಕ್ಯಾಸ್ ಅದೇ ವಿಮಾನಕ್ಕೆ ಏರಲು ಹೇಳಿತು, ಇನ್ನೊಂದಕ್ಕೆ ಇಳಿಯಲು ಹೇಳಿತು. ಎರಡೂ ಇಳಿದವು. ಮೇಲಿನ ಲೆಕ್ಕವನ್ನು ಯಾರಾದರೂ ಹತ್ತು ಸೆಕೆಂಡು ಕಡಿಮೆ ಮಾಡೋಣ ಎಂದಾಗಲೆಲ್ಲ ನಾನು ಈ ಅಂಕಿಗಳನ್ನು ಹೇಳುತ್ತೇನೆ.

ಮಾಹಿತಿಯನ್ನು ನಂಬುವ ಮುನ್ನ ತಡವಿ ನೋಡಿ

ರೇಡಾರ್ ಮಾಹಿತಿ ಹೆಚ್ಚಾಗಿ ಆಸ್ಟರಿಕ್ಸ್ ಎಂಬ ವಿನ್ಯಾಸದಲ್ಲಿ ಬರುತ್ತದೆ. ಒಂದೇ ರೇಡಾರಿನ ಮಾಹಿತಿಗೆ 48ನೇ ವರ್ಗ, ವಿಮಾನವೇ ಸಾರುವ ಎಡಿಎಸ್-ಬಿ ಮಾಹಿತಿಗೆ 21, ಎಲ್ಲವನ್ನೂ ಬೆಸೆದ ಜಾಡುಗಳಿಗೆ 62. ಅದನ್ನು ಓದುವ ಕೋಡ್ ಬರೆಯುವುದು ಬೇಸರದ ಕೆಲಸ, ಕಷ್ಟದ್ದಲ್ಲ. ಕಷ್ಟವಿರುವುದು ಸಮಯದ ಮುದ್ರೆಯಲ್ಲಿ. ಮಾಹಿತಿ ನಿಮ್ಮ ಯಂತ್ರಕ್ಕೆ ತಲುಪಿದ ಸಮಯವನ್ನು ಅಳತೆಯಾದ ಸಮಯವೆಂದು ಹಿಡಿದರೆ, ಎರಡು ಸೆಕೆಂಡಿನ ತಪ್ಪೂ ವಿಮಾನವನ್ನು ಕಾಲು ಮೈಲಿಗಿಂತ ಹೆಚ್ಚು ಜರುಗಿಸುತ್ತದೆ. ರೇಡಾರ್ ಕೇಳಿದಾಗ ವಿಮಾನದಿಂದ ಉತ್ತರ ಕೊಡುವ ಉಪಕರಣವೇ ಟ್ರಾನ್ಸ್‌ಪಾಂಡರ್. ಹಳೆಯ ಟ್ರಾನ್ಸ್‌ಪಾಂಡರ್‌ಗಳು ಎತ್ತರವನ್ನು 100 ಅಡಿಯ ಮೆಟ್ಟಿಲುಗಳಲ್ಲಿ ಹೇಳುತ್ತವೆ, ಹೊಸವು 25 ಅಡಿಯ ಮೆಟ್ಟಿಲುಗಳಲ್ಲಿ. 100 ಅಡಿಯ ಮೆಟ್ಟಿಲನ್ನು ಹಾಗೇ ಬಿಟ್ಟು ಏರುವ ವೇಗ ಲೆಕ್ಕ ಹಾಕಿದರೆ, ಸಮತಟ್ಟಾಗಿ ಹಾರುತ್ತಿರುವ ವಿಮಾನವೂ ಜಿಗಿಯುವಂತೆ ಕಾಣುತ್ತದೆ. ಅದಕ್ಕೆ ಅಳತೆಗಳ ಏರುಪೇರನ್ನು ಸೋಸಿ ನಿಜವಾದ ಚಲನೆಯನ್ನು ಅಂದಾಜು ಮಾಡುವ ಕಾಲ್ಮನ್ ಫಿಲ್ಟರ್ ಎಂಬ ಲೆಕ್ಕ ಬೇಕೇ ಬೇಕು. ತಿರುವಿಗೆ ಒಂದು, ನೇರ ಹಾರಾಟಕ್ಕೆ ಒಂದು ಎಂದು ಎರಡು ಮೂರು ಮಾದರಿಗಳನ್ನು ಒಟ್ಟಿಗೆ ಓಡಿಸುವ ಬಗೆ ಇನ್ನೂ ಒಳ್ಳೆಯದು.

ಎಡಿಎಸ್-ಬಿಯಲ್ಲಿ ವಿಮಾನ ತನ್ನ ಸ್ಥಾನವನ್ನು ತಾನೇ 1090 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು ಎರಡು ಸಲ ಸಾರುತ್ತದೆ. ರೇಡಾರಿಗೆ ಹೋಲಿಸಿದರೆ ಅದೊಂದು ಹಬ್ಬ. ಆದರೆ ಉಪಗ್ರಹದ ಸಂಕೇತ ಹಿಡಿಯುವ ವಿಮಾನದ ಉಪಕರಣ ಮೋಸಹೋದರೆ ಸಾರುವ ಸ್ಥಾನವೂ ತಪ್ಪು. ಸಂದೇಶದ ಜೊತೆಗೇ ಬರುವ ನಿಖರತೆಯ ಸೂಚ್ಯಂಕಗಳನ್ನು ಓದಿ, ರೇಡಾರ್ ಹೇಳುವುದಕ್ಕೂ ಎಡಿಎಸ್-ಬಿ ಹೇಳುವುದಕ್ಕೂ ತಾಳೆ ಹಾಕಿ. ತಾಳೆಯಾಗದಿದ್ದರೆ ಸರಾಸರಿ ತೆಗೆಯಬೇಡಿ. ವ್ಯತ್ಯಾಸವಿದೆ ಎಂದು ನಿಯಂತ್ರಕರಿಗೆ ಹೇಳಿ.

ಲೆಕ್ಕ ಸರಳ, ಅದು ಸರಳವಾಗಿಯೇ ಇರಲಿ

ಎರಡು ವಿಮಾನಗಳ ಸಾಪೇಕ್ಷ ಸ್ಥಾನ ಮತ್ತು ಸಾಪೇಕ್ಷ ವೇಗ ತೆಗೆದುಕೊಳ್ಳಿ. ಅವುಗಳ ಅದಿಶ ಗುಣಲಬ್ಧವನ್ನು ವೇಗದ ವರ್ಗದಿಂದ ಭಾಗಿಸಿ ಚಿಹ್ನೆ ಬದಲಿಸಿದರೆ, ಅತಿ ಹತ್ತಿರ ಬರಲು ಎಷ್ಟು ಸಮಯವಿದೆ ಎಂದು ಸಿಗುತ್ತದೆ. ಉತ್ತರ ಋಣ ಸಂಖ್ಯೆಯಾದರೆ ಅವು ದೂರ ಸರಿಯುತ್ತಿವೆ. ಆ ಸಮಯದಲ್ಲಿ ಅಡ್ಡ ಅಂತರ ಎಷ್ಟು, ಎತ್ತರದ ಅಂತರ ಎಷ್ಟು ಎಂದು ನೋಡಿ. ಎರಡೂ ಮಿತಿ ಒಟ್ಟಿಗೆ ಮುರಿಯುವ ಕಾಲಾವಧಿ ಇದ್ದರೆ ಅದು ಘರ್ಷಣೆಯ ಶಂಕೆ. ಆಕಾಶದಲ್ಲಿ 200 ವಿಮಾನಗಳಿದ್ದರೆ 19,900 ಜೋಡಿಗಳಾಗುತ್ತವೆ. ಇಂದಿನ ಯಂತ್ರಕ್ಕೆ ಅದು ಹೊರೆಯಲ್ಲ, ಆದರೂ ತುಂಬ ದೂರದ ಜೋಡಿಗಳನ್ನು ಮೊದಲೇ ಬಿಟ್ಟುಬಿಡಿ. ಈ ತಿರುಳನ್ನು ಒಬ್ಬರು ಕುಳಿತು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸುವಷ್ಟು ಚಿಕ್ಕದಾಗಿ ಇಡಿ.

ಹುಸಿ ಎಚ್ಚರಿಕೆ: ಇಲ್ಲೇ ವರ್ಷಗಳು ಹೋಗುತ್ತವೆ

ನೇರ ಗೆರೆ ಎಳೆದು ಮುಂದಿನದನ್ನು ಊಹಿಸುವ ವ್ಯವಸ್ಥೆ ಕೂಗುವ ಒಂದು ಸನ್ನಿವೇಶವನ್ನು ನಿಯಂತ್ರಕರೆಲ್ಲ ಬಲ್ಲರು. 34,000 ಅಡಿಯಲ್ಲಿ ಒಂದು ವಿಮಾನ ಸಮತಟ್ಟಾಗಿ ಹಾರುತ್ತಿದೆ. ಕೆಳಗೆ 31,000 ಅಡಿಯಿಂದ ಇನ್ನೊಂದು ನಿಮಿಷಕ್ಕೆ 2,000 ಅಡಿಯಂತೆ ಏರುತ್ತಿದೆ. ಅದಕ್ಕೆ 33,000ಕ್ಕೆ ನಿಲ್ಲಲು ಹೇಳಿಯಾಗಿದೆ, ಅದು ನಿಲ್ಲುತ್ತದೆ ಕೂಡ. ಆದರೆ ನಿಮ್ಮ ಗೆರೆ 90 ಸೆಕೆಂಡಿನಲ್ಲಿ ಅದನ್ನು ಮೇಲಿನದರ ಮಡಿಲಿಗೆ ಒಯ್ಯುತ್ತದೆ. ದಟ್ಟ ಆಕಾಶದಲ್ಲಿ ಇದು ಪಾಳಿಯುದ್ದಕ್ಕೂ ನಡೆಯುವ ಮಾಮೂಲು ಸಂಗತಿ. ನನ್ನ ನೋಟ್‌ಬುಕ್‌ನ ‘ಏನೂ ಇಲ್ಲ’ಗಳಲ್ಲಿ ಹೆಚ್ಚಿನವು ಇವೇ.

ಸುಲಭದ ಪರಿಹಾರ, ನಿಯಂತ್ರಕರು ಕೊಟ್ಟ ಎತ್ತರವನ್ನು ವ್ಯವಸ್ಥೆಗೆ ತಿಳಿಸಿ ಗೆರೆಯನ್ನು ಅಲ್ಲಿಗೇ ಕತ್ತರಿಸುವುದು. ಹಾಗೆ ಮಾಡಿದ ದಿನ ಎಚ್ಚರಿಕೆಗಳು ಅರ್ಧಕ್ಕಿಂತ ಕಡಿಮೆಯಾದವು, ನಾವೆಲ್ಲ ಖುಷಿಪಟ್ಟೆವು. ಎರಡು ವಾರದ ನಂತರ ಒಬ್ಬ ಹಿರಿಯ ಸಹೋದ್ಯೋಗಿ ಒಂದೇ ಪ್ರಶ್ನೆ ಕೇಳಿದರು: ಪೈಲಟ್ ನಿಲ್ಲದಿದ್ದರೆ? ಎತ್ತರವನ್ನು ತಪ್ಪಾಗಿ ಕೇಳಿಸಿಕೊಂಡ ಪೈಲಟ್, ಎತ್ತರ ಮಾಪಕದ ಒತ್ತಡವನ್ನು ತಪ್ಪಾಗಿ ಹೊಂದಿಸಿಕೊಂಡ ಪೈಲಟ್, ಹೇಳಿದ್ದೊಂದು ನಮೂದಿಸಿದ್ದೊಂದು ಮಾಡಿದ ನಿಯಂತ್ರಕ. ನಾವು ಕತ್ತರಿಸಿದ್ದು ಇವರಿಗಾಗಿಯೇ ಇದ್ದ ಎಚ್ಚರಿಕೆಯನ್ನು. ಇದಕ್ಕೆ ಎರಡು ಕೆಲಸ ಮಾಡಿ. ಒಂದು, ಪೈಲಟ್ ತನ್ನ ಯಂತ್ರದಲ್ಲಿ ಯಾವ ಎತ್ತರವನ್ನು ಆಯ್ದಿದ್ದಾನೆ ಎಂಬುದನ್ನು ಮೋಡ್ ಎಸ್ ಎಂಬ ಹೊಸ ಬಗೆಯ ಟ್ರಾನ್ಸ್‌ಪಾಂಡರ್ ಕೆಳಗೆ ಕಳುಹಿಸುತ್ತದೆ. ಅದನ್ನು ನಿಯಂತ್ರಕರು ಕೊಟ್ಟ ಎತ್ತರದ ಜೊತೆ ಹೋಲಿಸಿ. ತಾಳೆಯಾಗದಿದ್ದರೆ ಘರ್ಷಣೆಯ ಶಂಕೆ ಹುಟ್ಟುವ ಮೊದಲೇ ಸದ್ದಿಲ್ಲದ ಹಳದಿ ಗುರುತು ಕೊಡಿ. ಎರಡು, ಕೊಟ್ಟ ಎತ್ತರ ಸಮೀಪಿಸಿದಂತೆ ಏರುವ ವೇಗ ತಗ್ಗುತ್ತಿದೆಯೇ ನೋಡಿ. ಪಕ್ಕದ ಎತ್ತರದಲ್ಲಿ ಬೇರೆ ವಿಮಾನವಿರುವಾಗ ಕೊನೆಯ 1,000 ಅಡಿಯನ್ನು ನಿಮಿಷಕ್ಕೆ 1,500 ಅಡಿಗಿಂತ ಕಡಿಮೆ ವೇಗದಲ್ಲಿ ಏರುವುದು ಒಳ್ಳೆಯದೆಂಬ ಶಿಫಾರಸು ಪೈಲಟ್‌ಗಳಿಗಿದೆ. ಅದಕ್ಕಿಂತ ವೇಗವಾಗಿ ನುಗ್ಗುತ್ತಿರುವ ವಿಮಾನಕ್ಕೆ ನಿಮ್ಮ ಕತ್ತರಿ ಅನ್ವಯವಾಗಬಾರದು.

ತಿರುವುಗಳದ್ದು ಇನ್ನೊಂದು ಬಗೆ. ತಿರುಗುತ್ತಿರುವ ವಿಮಾನದಿಂದ ನೇರ ಗೆರೆ ಎಳೆದರೆ ಆ ಗೆರೆ ದೀಪಸ್ತಂಭದ ಬೆಳಕಿನಂತೆ ಆಕಾಶವನ್ನೆಲ್ಲ ಗುಡಿಸುತ್ತದೆ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೆಂಪಾಗಿಸುತ್ತದೆ. ಮೂರು ಸಲದ ಮಾಹಿತಿಯಲ್ಲಿ ಎರಡು ಸಲವಾದರೂ ಶಂಕೆ ಕಂಡರೆ ಮಾತ್ರ ಕೂಗು ಎಂಬ ನಿಯಮ ಇದನ್ನು ಬಹಳ ಮಟ್ಟಿಗೆ ತಣಿಸುತ್ತದೆ. ಆದರೆ ಅಪಾಯ ತೀರ ಹತ್ತಿರವಿದ್ದರೆ ಆ ನಿಯಮವನ್ನು ಬದಿಗಿಟ್ಟು ಒಂದೇ ಸಲಕ್ಕೆ ಕೂಗಬೇಕು. ಒಂದೇ ವಿಮಾನ ಎರಡು ಜಾಡಾಗಿ ಕಂಡು ತನ್ನ ಜೊತೆ ತಾನೇ ಘರ್ಷಿಸುವುದು, ಸಮಾನಾಂತರ ರನ್‌ವೇಗಳಿಗೆ ಅಕ್ಕಪಕ್ಕ ಇಳಿಯುವ ಜೋಡಿಗಳು, ಒಟ್ಟಾಗಿ ಹಾರುವ ಸೇನಾ ವಿಮಾನಗಳು, ಇವನ್ನೆಲ್ಲ ಒಂದೊಂದಾಗಿ ನಿಭಾಯಿಸಿ.

ಒಂದು ದಾರಿಯನ್ನು ಮಾತ್ರ ಹಿಡಿಯಬೇಡಿ: ಕಾಟ ಕೊಡುವ ಪ್ರದೇಶದಲ್ಲಿ ಎಚ್ಚರಿಕೆಯನ್ನೇ ನಿಲ್ಲಿಸಿಬಿಡುವುದು. 1997ರ ಆಗಸ್ಟ್ 6ರಂದು ಗುವಾಮ್‌ನಲ್ಲಿ ಇಳಿಯುತ್ತಿದ್ದ ಬೋಯಿಂಗ್ 747 ಒಂದು ಗುಡ್ಡಕ್ಕೆ ಬಡಿದು 228 ಜನ ಸತ್ತರು. ವಿಮಾನ ನೆಲಕ್ಕೆ ತೀರ ಹತ್ತಿರ ಬಂದರೆ ನಿಯಂತ್ರಕರಿಗೆ ತಿಳಿಸುವ ವ್ಯವಸ್ಥೆ ಅಲ್ಲಿತ್ತು. ಹುಸಿ ಎಚ್ಚರಿಕೆಗಳ ಕಾಟ ತಾಳಲಾರದೆ ಅದನ್ನು 54 ನಾಟಿಕಲ್ ಮೈಲಿ ತ್ರಿಜ್ಯದೊಳಗೆ ಕೆಲಸ ಮಾಡದಂತೆ ಹೊಂದಿಸಲಾಗಿತ್ತು. ಅದರ ಒಟ್ಟು ವ್ಯಾಪ್ತಿ ಇದ್ದದ್ದೇ 55 ಮೈಲಿ. ನಿಮ್ಮ ವ್ಯವಸ್ಥೆಯಲ್ಲಿ ಯಾವುದೇ ಪ್ರದೇಶವನ್ನು ಹೊರಗಿಟ್ಟರೆ ಅದಕ್ಕೆ ಕಾರಣ, ಒಪ್ಪಿದವರ ಸಹಿ ಮತ್ತು ಮತ್ತೆ ಪರಿಶೀಲಿಸುವ ದಿನಾಂಕ ಮೂರೂ ಇರಲಿ. ದಿನಾಂಕ ಮುಗಿದರೆ ಅದು ತಾನಾಗಿಯೇ ಮತ್ತೆ ಚಾಲೂ ಆಗಲಿ.

ಯಂತ್ರ ಕಲಿಕೆಯ ಬಗ್ಗೆ ಕೇಳುವವರು ತುಂಬ ಜನ. ವಿಮಾನ ಎಷ್ಟು ವೇಗವಾಗಿ ಏರೀತು ಎಂದು ಹಿಂದಿನ ಹಾರಾಟಗಳಿಂದ ಅಂದಾಜು ಮಾಡಲು, ಪೈಲಟ್‌ನ ಮರುನುಡಿ ನಿಯಂತ್ರಕರ ಮಾತಿಗೆ ಹೊಂದುತ್ತದೆಯೇ ಎಂದು ಕೇಳಿಸಿಕೊಳ್ಳಲು ಅದು ನಿಜಕ್ಕೂ ಉಪಯುಕ್ತ. ಕೂಗಬೇಕೋ ಬೇಡವೋ ಎಂಬ ಕೊನೆಯ ತೀರ್ಮಾನವನ್ನು ಮಾತ್ರ ನಾನು ಆ ಸರಳ ಲೆಕ್ಕಕ್ಕೇ ಬಿಡುತ್ತೇನೆ. ಎಚ್ಚರಿಕೆ ಏಕೆ ಬರಲಿಲ್ಲ ಎಂದು ತನಿಖಾಧಿಕಾರಿ ಕೇಳಿದಾಗ ಒಂದು ಪುಟದಲ್ಲಿ ಉತ್ತರ ಹೇಳಲು ಬರಬೇಕು.

ಕಣ್ಣಿಗೂ ಕಿವಿಗೂ

ಕೆಂಪು ಬಣ್ಣ ಘರ್ಷಣೆಗೆ ಮಾತ್ರ ಮೀಸಲಿರಲಿ. ಎರಡೂ ವಿಮಾನಗಳ ನಡುವೆ ಒಂದು ಗೆರೆ ಎಳೆದು, ಉಳಿದಿರುವ ಸೆಕೆಂಡುಗಳನ್ನು ಅದರ ಪಕ್ಕದಲ್ಲಿ ತೋರಿಸಿ. ಎಚ್ಚರಿಕೆಯ ಪೆಟ್ಟಿಗೆ ವಿಮಾನದ ಎತ್ತರ ಬರೆದ ಜಾಗವನ್ನು ಎಂದೂ ಮುಚ್ಚದಿರಲಿ. ನಿಯಂತ್ರಕರಿಗೆ ಮೊದಲು ಬೇಕಾಗುವುದೇ ಆ ಅಂಕಿ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಇಳಿಯುತ್ತಿದ್ದ ಏರ್‌ಬಸ್ 350 ರನ್‌ವೇ ಮೇಲೆ ನಿಂತಿದ್ದ ಕರಾವಳಿ ಕಾವಲು ವಿಮಾನಕ್ಕೆ ಬಡಿಯಿತು. ಕಾವಲು ವಿಮಾನದಲ್ಲಿದ್ದ ಐವರು ತೀರಿಕೊಂಡರು, ಏರ್‌ಬಸ್‌ನ 379 ಮಂದಿ ಪಾರಾದರು. ರನ್‌ವೇ ಮೇಲೆ ವಿಮಾನವಿದೆ ಎಂದು ನಿಯಂತ್ರಕರ ಪರದೆಯಲ್ಲಿ ಬಣ್ಣ ಬದಲಾಗಿತ್ತು. ಅದು ಅವರ ಗಮನಕ್ಕೆ ಬರಲಿಲ್ಲ. ಕಿಟಕಿಯಾಚೆ ನೋಡುತ್ತ ರೇಡಿಯೊದಲ್ಲಿ ಮಾತನಾಡುತ್ತಿರುವವರ ಕಣ್ಣನ್ನು ಬಣ್ಣ ಸೆಳೆಯಬೇಕೆಂದು ನಿರೀಕ್ಷಿಸುವುದು ತಪ್ಪು. ತೀರ ತುರ್ತಿನದಕ್ಕೆ ಸದ್ದು ಬೇಕು, ಆ ಸದ್ದು ಕೊಠಡಿಯ ಬೇರಾವ ಸದ್ದನ್ನೂ ಹೋಲಬಾರದು.

ಕೆಟ್ಟಾಗ ಕೆಟ್ಟಿದೆ ಎಂದು ಹೇಳಲಿ

ಯೂಬರ್‌ಲಿಂಗೆನ್‌ನ ರಾತ್ರಿ ನಿರ್ವಹಣೆಯ ಕೆಲಸದಿಂದಾಗಿ ಪರದೆಯ ಮೇಲಿನ ಘರ್ಷಣೆ ಎಚ್ಚರಿಕೆ ಇರಲಿಲ್ಲ. ಅದು ಇಲ್ಲ ಎಂಬುದು ಒಂಟಿಯಾಗಿ ಕೆಲಸ ಮಾಡುತ್ತಿದ್ದ ನಿಯಂತ್ರಕರಿಗೆ ತಿಳಿದಿರಲಿಲ್ಲ. ಆದ್ದರಿಂದ ನಿಮ್ಮ ವ್ಯವಸ್ಥೆ ಓಡುತ್ತಿದೆ ಎಂಬುದಕ್ಕೆ ಪರದೆಯಲ್ಲಿ ಒಂದು ಜೀವಂತ ಗುರುತು ಇರಬೇಕು. ಅದು ನಿಂತರೆ ದೊಡ್ಡದಾಗಿ ಕಾಣಬೇಕು.

ಪರ್ಯಾಯ ಯಂತ್ರ ಇದೆ ಎಂಬ ಧೈರ್ಯವೂ ಮೋಸ ಮಾಡುತ್ತದೆ. ಬ್ರಿಟನ್ನಿನಲ್ಲಿ 2023ರ ಆಗಸ್ಟ್ 28ರಂದು ಒಂದು ಹಾರಾಟ ಯೋಜನೆಯಲ್ಲಿ ಒಂದೇ ಹೆಸರಿನ ಎರಡು ಸ್ಥಾನಗಳಿದ್ದವು. ಅವುಗಳ ನಡುವಿನ ದೂರ ಸುಮಾರು 4,000 ನಾಟಿಕಲ್ ಮೈಲಿ. ಅದನ್ನು ಅರ್ಥಮಾಡಿಕೊಳ್ಳಲಾರದೆ, ಹಾರಾಟ ಯೋಜನೆಗಳನ್ನು ಓದುವ ಮುಖ್ಯ ಯಂತ್ರ ನಿಂತಿತು. ಪರ್ಯಾಯ ಯಂತ್ರವೂ ಅದೇ ತಂತ್ರಾಂಶ ಓಡಿಸುತ್ತಿದ್ದರಿಂದ ಅದೇ ಯೋಜನೆಯನ್ನು ಓದಿ ಅದೂ ನಿಂತಿತು. ತೊಂದರೆಗೊಳಗಾದ ಪ್ರಯಾಣಿಕರು 7 ಲಕ್ಷಕ್ಕೂ ಹೆಚ್ಚು. ಅರ್ಥವಾಗದ ಒಂದು ದಾಖಲೆಯನ್ನು ಬದಿಗಿಟ್ಟು ಮನುಷ್ಯರ ಕೈಗೆ ಕೊಟ್ಟು ಉಳಿದದ್ದನ್ನು ಮುಂದುವರಿಸುವಂತೆ ಬರೆಯಿರಿ. ಹಾಗೆಯೇ ವ್ಯವಸ್ಥೆಯನ್ನು ಮರುಚಾಲನೆ ಮಾಡದೆ ಎರಡು ತಿಂಗಳು ಓಡಿಸಿ ನೋಡಿ. 2004ರಲ್ಲಿ ಲಾಸ್ ಏಂಜಲೀಸ್ ವಲಯದ ನಿಯಂತ್ರಣ ಕೇಂದ್ರದಲ್ಲಿ ಧ್ವನಿ ಸಂಪರ್ಕವೇ ಕಡಿದುಹೋದದ್ದು, ಮಿಲಿಸೆಕೆಂಡು ಎಣಿಸುವ 32 ಬಿಟ್‌ನ ಕೌಂಟರ್ 49.7 ದಿನಕ್ಕೆ ಮುಗಿದುಹೋದದ್ದರಿಂದ.

ಪರೀಕ್ಷೆ

ಹಲವು ತಿಂಗಳ ನಿಜವಾದ ರೇಡಾರ್ ದಾಖಲೆಯನ್ನು ಮರುಓಡಿಸಿ. ಅದರಲ್ಲಿ ನಿಜವಾದ ಘರ್ಷಣೆಯ ಶಂಕೆಗಳು ವಿರಳವಾಗಿರುವುದರಿಂದ ನಾನು ಒಂದು ಉಪಾಯ ಬಳಸುತ್ತೇನೆ: ಒಂದು ವಿಮಾನದ ಜಾಡನ್ನು ಕೆಲವು ನಿಮಿಷ ಹಿಂದಕ್ಕೋ ಮುಂದಕ್ಕೋ ಸರಿಸಿ ಇನ್ನೊಂದರ ದಾರಿಗೆ ತಂದುಬಿಡುವುದು. ಹಾರಾಟ ನಿಜವಾದದ್ದು, ಗಾಳಿ ನಿಜವಾದದ್ದು, ತಿರುವಿನ ಅಂಕುಡೊಂಕೂ ನಿಜವಾದದ್ದು. ಭೇಟಿ ಮಾತ್ರ ನಾವು ಹೂಡಿದ್ದು. ಇಂಥ ನೂರಾರು ಜೋಡಿಗಳಲ್ಲಿ ಎಷ್ಟನ್ನು 70 ಸೆಕೆಂಡಿಗೆ ಮೊದಲೇ ಹಿಡಿದಿರಿ ಎಂಬುದು ಒಂದು ಅಂಕಿ, ನಿಜವಾದ ದಾಖಲೆಯಲ್ಲಿ ಗಂಟೆಗೆ ಎಷ್ಟು ಸಲ ಸುಮ್ಮನೆ ಕೂಗಿದಿರಿ ಎಂಬುದು ಇನ್ನೊಂದು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಒಂದನ್ನು ತೋರಿಸದೆ ಇನ್ನೊಂದನ್ನು ಯಾರಿಗೂ ತೋರಿಸಬೇಡಿ.

ಆಮೇಲೆ ಸಿಮ್ಯುಲೇಟರ್, ಅದರ ನಂತರ ನೆರಳು ಓಟ: ಜೀವಂತ ಮಾಹಿತಿಯ ಮೇಲೆ ವ್ಯವಸ್ಥೆ ಓಡುತ್ತಿರುತ್ತದೆ, ಆದರೆ ಅದರ ಮಾತು ಕೆಲಸದಲ್ಲಿರುವ ನಿಯಂತ್ರಕರಿಗೆ ಕೇಳಿಸುವುದಿಲ್ಲ. ಸುರಕ್ಷತಾ ದಾಖಲೆಗಳಿಗೆ ನೆಲದ ತಂತ್ರಾಂಶಕ್ಕಾಗಿಯೇ ಇರುವ ಡಿಒ-278ಎ ಮಾನದಂಡವನ್ನು ಮೊದಲ ದಿನದಿಂದಲೇ ಹಿಡಿಯಿರಿ. ಕೊನೆಯಲ್ಲಿ ಬರೆದು ಸೇರಿಸುತ್ತೇವೆ ಎಂದವರು ಮೊದಲಿನಿಂದ ಮತ್ತೆ ಬರೆದದ್ದನ್ನು ನೋಡಿದ್ದೇನೆ.

ದಕ್ಷತೆಯ ಬಗ್ಗೆಯೂ ಒಂದು ಮಾತು. ಒಳ್ಳೆಯ ಮುನ್ಸೂಚನೆ ಕೈಗೆ ಬಂದ ಮೇಲೆ ಅದನ್ನೇ ಹಿಗ್ಗಿಸಿ ವಿಮಾನಗಳ ಸಾಲನ್ನು ಬಿಗಿಗೊಳಿಸಬಹುದು. ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ 2015ರಲ್ಲಿ ಇಳಿಯುವ ವಿಮಾನಗಳ ನಡುವಿನ ಅಂತರವನ್ನು ದೂರದ ಬದಲು ಸಮಯದಲ್ಲಿ ಅಳೆಯಲು ಆರಂಭಿಸಿದರು. ಎದುರುಗಾಳಿ ಜೋರಾದಾಗ ಅದೇ ದೂರ ಕ್ರಮಿಸಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು, ಇಳಿಯುವ ವಿಮಾನಗಳ ಸಂಖ್ಯೆ ಕುಸಿಯುತ್ತಿತ್ತು. ಸಮಯದ ಅಳತೆ ಆ ನಷ್ಟದ ಬಹುಭಾಗವನ್ನು ತುಂಬಿಕೊಟ್ಟಿತು. ಆದರೆ ಎಚ್ಚರಿಕೆಯನ್ನು ನಂಬುವ ಕೊಠಡಿಯಲ್ಲಿ ಮಾತ್ರ ಸಾಲನ್ನು ಬಿಗಿಗೊಳಿಸಿ.

ಚಾಲೂ ಆದ ಮೇಲೆ

ಮೊದಲ ತಿಂಗಳು ತಂಡದ ಒಬ್ಬರು ಪ್ರತಿ ಪಾಳಿಯಲ್ಲೂ ಕೊಠಡಿಯಲ್ಲಿರಲಿ, ರಾತ್ರಿ ಪಾಳಿಯಲ್ಲೂ. ಹಳೆಯ ವ್ಯವಸ್ಥೆಗೆ ಮರಳುವ ಗುಂಡಿ ಪಾಳಿಯ ಮೇಲ್ವಿಚಾರಕರ ಕೈಯಲ್ಲಿರಲಿ, ನಿಮ್ಮ ಕೈಯಲ್ಲಲ್ಲ. ಪ್ರತಿ ಎಚ್ಚರಿಕೆಯ ಜೊತೆ ಇನ್ನೊಂದು ಅಂಕಿಯನ್ನೂ ದಾಖಲಿಸಿ: ಸದ್ದು ಬಂದದ್ದಕ್ಕೂ ಬೆರಳು ಅದನ್ನು ನಿಲ್ಲಿಸಿದ್ದಕ್ಕೂ ನಡುವೆ ಎಷ್ಟು ಹೊತ್ತು ಹೋಯಿತು. ಯಾರ ಬೆರಳು ಎಂದು ಬರೆಯಬೇಡಿ, ಯಾವ ಸೆಕ್ಟರ್, ಅಂದರೆ ನಿಯಂತ್ರಕರ ಪಾಲಿಗೆ ಬಂದ ಆಕಾಶದ ಯಾವ ಭಾಗ, ಎಂದಷ್ಟೇ ಬರೆಯಿರಿ. ಎರಡು ವಿಮಾನಗಳ ಹೆಸರು, ಎತ್ತರ ಓದಿ ಅರ್ಥಮಾಡಿಕೊಳ್ಳಲು ಕೆಲವು ಸೆಕೆಂಡಾದರೂ ಬೇಕು. ಯಾವುದಾದರೂ ಸೆಕ್ಟರಿನಲ್ಲಿ ಆ ಅಂತರ ವಾರದಿಂದ ವಾರಕ್ಕೆ ಇಳಿಯುತ್ತ ಒಂದು ಸೆಕೆಂಡಿನ ಹತ್ತಿರ ಬಂದರೆ, ದೂರು ಬರುವವರೆಗೆ ಕಾಯಬೇಡಿ. ಆ ಸೆಕ್ಟರಿನ ಹಿಂದಿನ ಹದಿನೈದು ದಿನಗಳ ದಾಖಲೆ ತೆಗೆದು, ಅಲ್ಲಿ ಕೆಲಸ ಮಾಡುವ ಒಬ್ಬ ನಿಯಂತ್ರಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಎಚ್ಚರಿಕೆಯನ್ನು ಮತ್ತೆ ಓಡಿಸಿ ನೋಡಿ.